ಮೂರಿಂಚಿನ ಪೈಪು

ನನ್ನ ಸ್ನಾತಕೋತ್ತರ ಪದವಿ ಕೊನೆಗೂ ಒಂದು ಉಪಯೋಗಕ್ಕೆ ಬಂತು ಎಂದು ನಮ್ಮವ್ವ ಹೇಳುತ್ತಾಳೆ. ಕುರುಗೋಡಿನ ನಮ್ಮ ಮನೆಯ ಮಾಳಿಗೆಯ ಮೇಲೆ ಅವಳು ಸಂಡಿಗೆಯನ್ನೋ ಶಾವಿಗೆಯನ್ನೋ ಒಣಹಾಕಿದ ಕೂಡಲೇ ಗುಡ್ಡದ ಮೇಲಿನ ಮಂಗಗಳಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಅವು ಬರುತ್ತವೆ. ಅವ್ವ ಒಂದು ಪೈಪಿನ ತುಂಡು ಹಿಡಿದು ನೆಲಕ್ಕೆ ಬಡಿಯುತ್ತಾಳೆ. ಮೂರಿಂಚು ಅಗಲ, ಮೂರಡಿ ಉದ್ದ, ಎರಡೂ ಕಡೆ ಮುಚ್ಚಳ, ಹೆಗಲಿಗೆ ಹಾಕಿಕೊಳ್ಳಲು ಸೆಣಬಿನ ಹಗ್ಗ. ಅದು ನಾನು ವಿಶ್ವವಿದ್ಯಾಲಯದಲ್ಲಿ ಓದುವಾಗ ನಕ್ಷೆ ಇಟ್ಟುಕೊಂಡು ತಿರುಗುತ್ತಿದ್ದ ಪೈಪು.

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಅವಳ ಕೈಯಲ್ಲಿ ನೋಡಿದೆ.

"ಅವ್ವಾ, ಅದರಾಗ ನನ್ನ ನಕ್ಷಾ ಐತಿ."

"ಇರ್ಲಿ ಬಿಡು. ಅದೇನ್ ನಿನ್ನ ನಕ್ಷಾ ಅತ್ತು ಕರದೈತೇನು ಇಷ್ಟು ದಿನ?" ಎಂದು ಅವ್ವ ಇನ್ನೊಂದು ಸಲ ಬಡಿದಳು. ಒಳಗಿನ ಕಾಗದದ ಸುರುಳಿ ಅತ್ತಿಂದಿತ್ತ ಜಾರಿದ ಸದ್ದು ನನಗೆ ಕೇಳಿಸಿತು. ಆ ಪೈಪನ್ನು ನಾನು ಒಬ್ಬರಿಗೆ ಕೊಡುತ್ತೇನೆಂದು ಹೇಳಿದ್ದೆ. ಹೇಳಿ ಏಳು ವರ್ಷವಾಗಿತ್ತು.

ಆ ಕಥೆಗೆ ಮೊದಲು ನಾನು ಓದಿದ್ದು ಏನೆಂದು ಹೇಳಬೇಕು. ಅದು ಬಹಳ ಕಷ್ಟದ ಕೆಲಸ. ಪ್ರಾದೇಶಿಕ ಸಂಪನ್ಮೂಲ ನಿರ್ವಹಣೆ. ಈ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದರೊಳಗೆ ಕೇಳಿದವರು ಬೇರೆ ಕಡೆ ನೋಡುತ್ತಿರುತ್ತಾರೆ. ನಾನಾದರೂ ಅದನ್ನು ಬಯಸಿ ಹೋದವಳಲ್ಲ. ರಸಾಯನಶಾಸ್ತ್ರ ಸಿಗುತ್ತದೆಂದು ಪ್ರವೇಶದ ದಿನ ಹೊಸ ಸೀರೆ ಉಟ್ಟು ಹೋಗಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ರಸಾಯನ ತುಂಬಿತ್ತು. ಟೇಬಲ್ಲಿನ ಹಿಂದೆ ಕೂತಿದ್ದ ಗುಮಾಸ್ತರು ಕನ್ನಡಕ ಮೇಲೆ ಮಾಡಿ, "ಇದೊಂದು ಐತಿ ನೋಡಮ್ಮ, ಯಾರೂ ಕೇಳಿಲ್ಲ" ಎಂದರು. ಉಳಿದ ಸೀರೆಗೆ ರಿಯಾಯಿತಿ ಕೊಡುವ ಅಂಗಡಿಯವರ ದನಿ. ಹೊಸ ಸೀರೆ ಉಟ್ಟು ಬಂದ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆಂದು ತೆಗೆದುಕೊಂಡೆ.

ಅಪ್ಪನದು ಹಿಟ್ಟಿನ ಗಿರಣಿ. ಅವನು ಬೆಲ್ಟಿನ ಸದ್ದಿನ ನಡುವೆ ಹೆಸರನ್ನು ಎರಡು ಸಲ ಹೇಳಿಸಿಕೊಂಡು, "ನಿರ್ವಹಣಾ ಅಂದ್ರ ಮ್ಯಾನೇಜ್‌ಮೆಂಟ್ ಅಲ್ಲೇನು? ಮ್ಯಾನೇಜರ್ ಆಗ್ತಿ ಬಿಡು" ಎಂದು ಸಮಾಧಾನಪಟ್ಟುಕೊಂಡ. ಅವ್ವ ಮಾತ್ರ ಬಂಧುಗಳ ಮುಂದೆ ಜಾಣತನದಿಂದ "ಎಮ್ಮೆಸ್ಸಿ ಓದಾಕತ್ತಾಳ" ಎಂದಷ್ಟೇ ಹೇಳಿ ಚಹಾ ತರಲು ಒಳಗೆ ಹೋಗಿಬಿಡುತ್ತಿದ್ದಳು.

ಸತ್ಯ ಹೇಳಬೇಕೆಂದರೆ ಓದು ನನಗೆ ಒಗ್ಗಿತು. ಒಂದು ಊರಿಗೆ ಹೋಗಿ ಅಲ್ಲಿರುವುದನ್ನೆಲ್ಲ ಪಟ್ಟಿ ಮಾಡುವುದು: ಮಣ್ಣು, ನೀರು, ಗಿಡ, ದನ, ದಾರಿ, ಕೈಕೆಲಸ. ಇದ್ದದ್ದನ್ನು ಬರೆಯುವ ಚಟ ನನಗೆ ಹುಟ್ಟಿನಿಂದ ಬಂದದ್ದು. ಕುರುಗೋಡಿನ ಶಾಲೆಯಲ್ಲಿ ನಾನು ತರಗತಿಯ ಮುಂದಾಳು. ಪಾಠ ಹೇಳುವ ಬಾಯೋರು ಹೊರಗೆ ಹೋದರೆ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯಬೇಕು. ಒಂದು ದಿನ ನನ್ನ ಗೆಳತಿ ಶಾರದಾ ತಮ್ಮ ತೋಟದ ಅಂಜೂರವೊಂದನ್ನು ಲಂಗದ ಜೇಬಿನಿಂದ ತೆಗೆದು, ಅರ್ಧ ಮುರಿದು ನನಗೆ ಕೊಟ್ಟು, "ಭಾಳ ಸಿಹಿ ಅದಾವ ಈ ಸಲ" ಎಂದಳು. ನಾನು ಅಂಜೂರ ತಿಂದೆ. ಕೈ ಒರೆಸಿಕೊಂಡು ಬೋರ್ಡಿನ ಮೇಲೆ ಶಾರದಾ ಎಂದು ಬರೆದೆ. ಮಾತಾಡಿದ್ದಳಲ್ಲ, ನಿಜ ತಾನೆ? ಅವಳ ಅಂಗೈ ಕೆಂಪಾಯಿತು. ಆಮೇಲೆ ಅವಳು ನನಗೆ ಅಂಜೂರ ತರಲಿಲ್ಲ. ನಾನು ಪ್ರಾಮಾಣಿಕಳೆಂದು ಬಾಯೋರು ಮೆಚ್ಚಿದರು, ನನಗೂ ಅದು ದೊಡ್ಡದೆನಿಸಿತು. ಈಗ ನೆನೆದರೆ ಅಂದೇ ಯಾರಾದರೂ ನನ್ನ ಕೈಯಿಂದ ಸೀಮೆಸುಣ್ಣ ಕಸಿದುಕೊಳ್ಳಬೇಕಿತ್ತು ಅನಿಸುತ್ತದೆ.

ಎರಡನೇ ವರ್ಷ ಎಲ್ಲರಿಗೂ ಒಂದೊಂದು ಊರು ಕೊಟ್ಟರು. ನನ್ನ ಪಾಲಿಗೆ ಬಂದದ್ದು ಸಿರುಗುಪ್ಪ ತಾಲ್ಲೂಕಿನ ಕರೂರು. ನಕ್ಷೆ ಮಡಚಬಾರದು, ಸುತ್ತಿಯೇ ಒಯ್ಯಬೇಕು ಎಂದು ನಮ್ಮ ಸರ್ ಹೇಳಿದ್ದರಿಂದ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅದಕ್ಕೊಂದು ಡಬ್ಬಿ ಹುಡುಕಿಕೊಂಡು ಹೊರಟೆ. ಪುಸ್ತಕದ ಅಂಗಡಿಯಲ್ಲಿ ಅದು ಇರಲಿಲ್ಲ. ಅಲೆದಲೆದು ಕೊನೆಗೆ ನಲ್ಲಿ ಸಾಮಾನಿನ ಅಂಗಡಿ ಹೊಕ್ಕೆ. ಅಂಗಡಿಯವರು ನನ್ನ ಮಾತನ್ನೆಲ್ಲ ಕೇಳಿ, "ನಕ್ಷಾಕೋ ನಲ್ಲಿಗೋ, ಪೈಪ್ ಪೈಪ ಅಲ್ಲೇನವ್ವ" ಎಂದು ಮೂರಡಿ ಕೊಯ್ದು, ಎರಡು ಮುಚ್ಚಳ ಹಾಕಿ ಕೊಟ್ಟರು. ನಾನು ಹೊರಡುವಾಗ ಅವ್ವ ಬುತ್ತಿ ಕಟ್ಟಿ ಕೊಟ್ಟು ಒಂದೇ ಮಾತು ಹೇಳಿದಳು.

"ಉಂಡ ಮನಿ ಜಂತಿ ಎಣಿಸಬ್ಯಾಡ."

ನಾನು ನಕ್ಕೆ. ಜಂತೆ ಎಣಿಸುವುದೇ ನನ್ನ ಪರೀಕ್ಷೆಯಾಗಿತ್ತು.

ಸಿರುಗುಪ್ಪದಲ್ಲಿ ಅಪ್ಪನ ದೂರದ ತಂಗಿಯೊಬ್ಬಳ ಮನೆಯಲ್ಲಿ ಉಳಿದು ದಿನವೂ ಬಸ್ಸಿನಲ್ಲಿ ಕರೂರಿಗೆ ಹೋಗಿಬರುತ್ತಿದ್ದೆ. ನೆಲ್ಲು ಹಚ್ಚುವ ಕಾಲ. ಬಸ್ಸಿನ ತುಂಬ ಹೆಂಗಸರು. ಮೊದಲ ದಿನವೇ ನನ್ನ ಪಕ್ಕ ಕೂತಿದ್ದ ಒಬ್ಬ ಗಟ್ಟಿ ಹೆಂಗಸು ಪೈಪನ್ನು ಬೆರಳಿನಿಂದ ತಟ್ಟಿ ನೋಡಿ ಕೇಳಿದಳು.

"ಮೂರಿಂಚಿಂದು ಅಲ್ಲೇನು? ಯಾವ ಹೊಲಕ್ಕ?"

"ಹೊಲಕ್ಕಲ್ಲಕ್ಕ, ಇದರಾಗ ನಕ್ಷಾ ಇಡ್ತೀನಿ."

"ಪೈಪಿನ್ಯಾಗ ಕಾಗದ ಹರಸ್ತೀರೇನು ನೀವು ಸಾಲಿ ಮಂದಿ?" ಎಂದಳು. ಹಿಂದಿನ ಸೀಟಿನವರೆಲ್ಲ ನಕ್ಕರು. ಅವಳೇ ಹನುಮಕ್ಕ.

ಹನುಮಕ್ಕ ಹನ್ನೆರಡು ಹೆಂಗಸರ ನಾಟಿ ಗುಂಪಿನ ಹಿರಿಯಳು. ಆ ದಿನ ಸಿರುಗುಪ್ಪದ ಸಂತೆಯಿಂದ ಮರಳುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಗಳು ಮದುವೆಯಾಗಿ ರಾರಾವಿಯಲ್ಲಿದ್ದಳು. ಅವಳ ಮನೆ ಊರೊಳಗಿರಲಿಲ್ಲ; ಊರಿಂದ ತುಸು ಆಚೆ ಕಾಲುವೆಯ ದಂಡೆಗೆ, ಒಂದು ಬೇವಿನ ಗಿಡದ ಹತ್ತಿರ, ಒಂಟಿಯಾಗಿತ್ತು. ನನ್ನ ಬುತ್ತಿಯ ರೊಟ್ಟಿ ನೋಡಿ ಅವಳಿಗೆ ಏನೆನಿಸಿತೋ, ಎರಡನೆಯ ದಿನದಿಂದ ಮಧ್ಯಾಹ್ನದ ಊಟ ಅವಳ ಮನೆಯಲ್ಲೇ ಆಯಿತು. ಬಿಸಿ ಅನ್ನ, ಪುಂಡಿಪಲ್ಯ, ಮೇಲೆ ಎಣ್ಣೆ. ಅವಳೇ ಬೆಳೆದ ನೆಲ್ಲಿನ ಅಕ್ಕಿ. "ಇದು ನನ್ನ ಹೊಲದ್ದು" ಎಂದು ಪ್ರತಿ ಸಲ ಬಡಿಸುವಾಗಲೂ ಹೇಳುವಳು. ಉಣ್ಣುತ್ತಲೇ ನಾನು ಪಟ್ಟಿ ಬರೆದುಕೊಳ್ಳುತ್ತಿದ್ದೆ. ಅವಳು ಬಗ್ಗಿ ನೋಡಿ, "ನನ್ನ ಯಾವ ಮನಿಯಾಗ ಬರಕೊಂಡಿ? ದನದ ಮನಿಯಾಗೋ, ಗಿಡದ ಮನಿಯಾಗೋ?" ಎಂದು ಕಾಲಂಗಳನ್ನು ತೋರಿಸಿ ಕೇಳುವಳು. ಮಾನವ ಸಂಪನ್ಮೂಲ ಎಂದೊಂದು ಕಾಲಂ ಇದೆ ಎಂದೆ. ಅದಕ್ಕವಳು, "ದೊಡ್ಡ ಹೆಸರಾತು ಬಿಡು, ಪಲ್ಯ ಹಾಕ್ಕೊ" ಎಂದಳು.

ಅಲ್ಲಿ ಒಂದು ವಿಚಿತ್ರ ಕಂಡೆ. ಕಾಲುವೆಯ ದಂಡೆಯ ದಾರಿಯಲ್ಲಿ ಬರುವವರು ಆ ಬೇವಿನ ಗಿಡದ ಹತ್ತಿರ ಬಂದ ಕೂಡಲೇ ಕಾಲುವೆಯ ಕಡೆಯಿಂದ ಮುಖ ತಿರುಗಿಸಿ ಗಿಡವನ್ನೇ ನೋಡುತ್ತ ಹೋಗುತ್ತಿದ್ದರು. ಗೊಬ್ಬರದ ಚೀಲ ಹೊತ್ತವರು, ಬೈಕಿನವರು, ಎಲ್ಲರೂ. ತೂಬುಗಳನ್ನು ಕಾಯುವ ಸರ್ಕಾರಿ ನೌಕರನಿಗೆ ಆ ಕಡೆ ಲಷ್ಕರ್ ಎನ್ನುತ್ತಾರೆ. ಮೌಲಾಸಾಬ ಎಂಬ ಆ ಲಷ್ಕರ್ ಕೂಡ ಸೈಕಲ್ಲಿನಿಂದಿಳಿದು, ಗಿಡದ ಕಡೆ ಮುಖ ಮಾಡಿ ನಡೆದು, ಹನುಮಕ್ಕನ ಕಟ್ಟೆಯ ಮೇಲೆ ಕೂತು ಒಂದು ಚೆಂಬು ನೀರು ಕುಡಿದು ಮುಂದೆ ಹೋಗುತ್ತಿದ್ದ. ನನಗೆ ರೋಮಾಂಚನವಾಯಿತು. "ಪವಿತ್ರ ವೃಕ್ಷ, ಸಾಂಸ್ಕೃತಿಕ ಸಂಪನ್ಮೂಲ" ಎಂದು ಬರೆದುಕೊಂಡೆ. ಬರೆದುಕೊಂಡ ಮೇಲೆ ಗೌರವ ತೋರಿಸಬೇಡವೇ? ಮೂರು ದಿನ ಚಪ್ಪಲಿ ಬಿಟ್ಟು ಆ ಗಿಡಕ್ಕೆ ಕೈಮುಗಿದೆ.

ನಾಲ್ಕನೆಯ ದಿನ ಗದ್ದೆಯಲ್ಲಿ ಬಾಗಿದ್ದ ಹೆಂಗಸರೆಲ್ಲ ಸಸಿ ಕೈಯಲ್ಲಿ ಹಿಡಿದೇ ಎದ್ದು ನಿಂತು ನಗತೊಡಗಿದರು. ಹನುಮಕ್ಕ ಬದುವಿನ ಮೇಲೆ ಕೂತುಬಿಟ್ಟಳು. ನಗು ನಿಂತ ಮೇಲೆ ನನ್ನ ಕೈ ಹಿಡಿದು ಗಿಡದ ಎದುರಿನ ದಂಡೆಗೆ ಕರೆದುಕೊಂಡು ಹೋಗಿ ಹುಲ್ಲು ಸರಿಸಿದಳು. ಅಲ್ಲೊಂದು ಮೂರಿಂಚಿನ ಪೈಪು. ಅದರ ಬಾಯಿಗೆ ಹಳೆಯ ಸೀರೆಯ ಗಂಟು.

ಆ ಪೈಪು ಹನುಮಕ್ಕನ ಎರಡು ಎಕರೆಗೆ ನೀರು ಕೊಡುತ್ತಿತ್ತು. ಕಾಗದದ ಪ್ರಕಾರ ಅವಳ ಹೊಲ ನೀರಾವರಿಗೆ ಸೇರದು. ಆದರೆ ಊರವರು ಬಹಳ ಹಿಂದೆಯೇ ತಮ್ಮಲ್ಲೇ ಮಾತಾಡಿಕೊಂಡಿದ್ದರು: ಎಲ್ಲರ ಗದ್ದೆಗೂ ನೆಲ್ಲು ಹಚ್ಚುವವಳ ಹೊಲ ಒಣಗಿರಬಾರದು. ಎಲ್ಲರದೂ ಮುಗಿದ ಮೇಲೆ ಕೊನೆಗೆ ಅರ್ಧ ದಿನ ಎಲ್ಲರೂ ತಮ್ಮ ತೂಬು ಮುಚ್ಚಿ ಅವಳಿಗೆ ನೀರು ಬಿಡುತ್ತಿದ್ದರು. ಆಮೇಲೂ ಕಾಲಕಾಲಕ್ಕೆ ಅಷ್ಟಿಷ್ಟು. ಬೇವಿನ ಗಿಡ ನೋಡುವುದು ಅದಕ್ಕಾಗಿ.

"ನೋಡಿದೋರು ಸಾಕ್ಷಿ ಆಗ್ತಾರವ್ವ" ಎಂದಳು ಹನುಮಕ್ಕ. "ನೋಡಲಾರದೋರಿಗೆ ಯಾರು ಏನು ಕೇಳ್ತಾರ?"

ಪೈಪಿನ ಬಾಯಿ ಸೀಳಿತ್ತು. ಅವಳು ನನ್ನ ಹೆಗಲಿನ ಪೈಪನ್ನು ತಟ್ಟಿ, "ನಿನ್ನ ಬರಿಯೋದು ಮುಗದ ಮ್ಯಾಲ ಇದನ್ನ ಕೊಟ್ಟುಹೋಗು. ಅಳತಿ ಸರಿ ಐತಿ" ಎಂದಳು. ಕೊಡ್ತೀನಕ್ಕ ಎಂದೆ. ಇದನ್ನು ಬರೆಯಬೇಡ ಎಂದು ಅವಳು ಕೇಳಲಿಲ್ಲ, ಬರೆಯುವುದಿಲ್ಲ ಎಂದು ನಾನೂ ಹೇಳಲಿಲ್ಲ. ಮರುದಿನ ಆ ಜಾಗ ಬಂದಾಗ ನಾನು ಎಲ್ಲರಂತೆ ಬೇವಿನ ಗಿಡದ ಕಡೆ ಮುಖ ತಿರುಗಿಸಿದೆ. ಗದ್ದೆಯಿಂದ ಅದನ್ನು ನೋಡಿ ಹನುಮಕ್ಕ ನಕ್ಕಳು. ನಮ್ಮಿಬ್ಬರ ಒಪ್ಪಂದ ಅಷ್ಟೇ.

ಇಪ್ಪತ್ತೆರಡು ದಿನ ಅವಳ ಮನೆಯಲ್ಲಿ ಉಂಡು ಬಳ್ಳಾರಿಗೆ ಮರಳಿದೆ. ನಕ್ಷೆ ಬಿಡಿಸಿದೆ. ಜೊತೆಯವರ ನಕ್ಷೆಗಳಲ್ಲಿ ಗುಡ್ಡ, ಗಣಿ, ಕೆರೆ, ಕಾಡು, ಏನೆಲ್ಲ ಬಣ್ಣ. ನನ್ನದರಲ್ಲಿ ಹಸಿರು, ಪಕ್ಕದಲ್ಲಿ ಹಸಿರು, ನಡುವೆ ನೀಲಿ ಗೆರೆ, ಅದರ ದಂಡೆಗೆ ಒಂದು ಗಿಡ, ಮತ್ತೆ ಹಸಿರು. ನಮ್ಮ ಸರ್ ಬಹಳ ಹೊತ್ತು ನೋಡಿ, "ಎಲ್ಲ ಸರಿಯಮ್ಮ, ಹೊಸದಾಗಿ ಕಂಡದ್ದೇನು?" ಎಂದರು. ಕಂಡದ್ದೆಲ್ಲ ನಕ್ಷೆಗೆ ಬರಬೇಕು, ನಕ್ಷೆಗೆ ಬಾರದ್ದು ಇಲ್ಲವೆಂದೇ ಲೆಕ್ಕ ಎಂಬುದು ಅವರು ಯಾವಾಗಲೂ ಹೇಳುವ ಮಾತು. ಕೆಟ್ಟ ಮನುಷ್ಯರಲ್ಲ. ಆ ಸಂಜೆ ಹಾಸ್ಟೆಲ್ಲಿನಲ್ಲಿ ನಾನು ಕೆಂಪು ಸ್ಕೆಚ್ ಪೆನ್ನು ತೆಗೆದೆ. ಕರೂರಿನವರು ಇದನ್ನೇನು ನೋಡುತ್ತಾರೆಯೇ ಎಂದುಕೊಂಡೆ. ನೀಲಿ ಗೆರೆಯ ಅಂಚಿಗೆ ಒಂದು ಚುಕ್ಕೆ ಇಟ್ಟು ಬದಿಗೆ ಬರೆದೆ: ಅನಧಿಕೃತ ತೂಬು, ಒಂದು.

ಸರ್ ಬೆನ್ನು ತಟ್ಟಿದರು. ವಿಭಾಗದ ಪ್ರದರ್ಶನದ ದಿನ ನನ್ನ ನಕ್ಷೆ ಬಾಗಿಲ ಎದುರಿಗೇ ತೂಗಿತು. ನೋಡಲು ಬಂದವರಲ್ಲಿ ನೀರಾವರಿಗೆ ಸಂಬಂಧಪಟ್ಟ ಒಬ್ಬ ಅಧಿಕಾರಿಯೂ ಇದ್ದರು. ಅವರು ಚುಕ್ಕೆಯ ಹತ್ತಿರ ಬಾಗಿ, "ಇದು ಸರಿಯಾಗಿ ಎಲ್ಲಮ್ಮ?" ಎಂದು ಕೇಳಿದರು. ಇಲ್ಲಿ ನಾನು ಸುಮ್ಮನಿರಬಹುದಿತ್ತು, ನೆನಪಿಲ್ಲ ಸರ್ ಅನ್ನಬಹುದಿತ್ತು. ಅದರ ಬದಲು ಹೊಸ ಸೀರೆಯ ಸೆರಗು ಸರಿಮಾಡಿಕೊಂಡು, "ಒಂದು ಬೇವಿನ ಮರ ಬರುತ್ತದೆ ಸರ್, ಅದರ ಎದುರಿಗೇ, ಹುಲ್ಲಿನ ಕೆಳಗೆ" ಎಂದೆ. ಅವರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. "ಒಳ್ಳೆ ಕೆಲಸ ಮಾಡೀಯಮ್ಮ" ಎಂದರು. ಆ ಮಾತನ್ನು ಹಾಸ್ಟೆಲ್ಲಿನಲ್ಲಿ ಮೂವರಿಗೆ ಹೇಳಿದ್ದೆ. ಅಂಜೂರ ತಿಂದು ಬೋರ್ಡಿಗೆ ಹೆಸರು ಬರೆದ ಹುಡುಗಿ ಎಲ್ಲೂ ಹೋಗಿರಲಿಲ್ಲ, ಅಲ್ಲೇ ನಿಂತಿದ್ದಳು.

ಮುಂದಿನ ವರ್ಷ ಯಾವುದೋ ಮದುವೆಗೆ ಹೋದಾಗ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ನಾಟಿ ಗುಂಪಿನ ಲಕ್ಷ್ಮಿ ಸಿಕ್ಕಳು. ಇಬ್ಬರೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತ ಕೂತೆವು. ಹನುಮಕ್ಕ ಹೇಗಿದ್ದಾಳೆ ಎಂದೆ.

"ಆಕೀದು ನೆಲ್ಲು ಇಲ್ಲವ್ವ ಈ ಸಲ. ಸಾಹೇಬ್ರು ಫೋಟೋ ಹಿಡ್ಕೊಂಡ ಬಂದ್ರು. ನೆಟ್ಟಗ ಗಿಡದ ಎದುರಿಗೆ ಬಂದು ಹುಲ್ಲು ಕಿತ್ತು, ಪೈಪ್ ತಗದು ಸಿಮೆಂಟ್ ಹಾಕಿದ್ರು."

"ಯಾರು ಹೇಳಿದ್ರಂತ?" ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

"ಇನ್ಯಾರು, ಆ ಮೌಲಾಸಾಬ. ಅವನ ಜತಿ ಯಾರೂ ಮಾತಾಡವಲ್ರು ಈಗ."

ಮೌಲಾಸಾಬ ಅಲ್ಲ ಎನ್ನಲು ಬಾಯಿ ತೆರೆದೆ. ಆ ಬಾಯಿಗೆ ಮಿರ್ಚಿ ಹಾಕಿಕೊಂಡೆ. ಬಸ್ಸು ಬಂತು, ಲಕ್ಷ್ಮಿ ಹೋದಳು. ಮುಂದೆ ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಕಂಡದ್ದೆಲ್ಲ ನಕ್ಷೆಗೆ ಬರಬೇಕು ಎಂದು ಮಕ್ಕಳಿಗೆ ಹೇಳುವ ಮುನ್ನ ಪ್ರತಿ ಸಲ ನೀರು ಕುಡಿಯುತ್ತಿದ್ದೆ. ಕರೂರಿನ ದಾರಿಯನ್ನು ಮಾತ್ರ ತುಳಿಯಲಿಲ್ಲ. ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು.

ಕಳೆದ ಬೇಸಿಗೆಯ ಆ ದಿನ ಮಂಗಗಳು ಓಡಿದ ಮೇಲೆ ಅವ್ವನ ಕೈಯಿಂದ ಪೈಪು ಇಸಿದುಕೊಂಡೆ. "ನಾಳೆ ಮಂಗ್ಯಾ ಬಂದ್ರ ಏನ್ ಮಾಡ್ಲಿ?" ಎಂದಳು. ನನ್ನ ಪದವಿ ಪ್ರಮಾಣಪತ್ರ ತೋರಿಸು, ಓಡ್ತಾವ ಎಂದೆ. ಮರುದಿನ ಬೆಳಿಗ್ಗೆ ಬಸ್ಸು ಬದಲಿಸಿ ಬದಲಿಸಿ ಕರೂರಿಗೆ ಹೋದೆ. ಕಾಲುವೆಯ ದಂಡೆಯ ಮೇಲೆ ನನ್ನ ಮುಂದೆ ಒಬ್ಬ ಬೈಕಿನವನು ಹೋಗುತ್ತಿದ್ದ. ಬೇವಿನ ಗಿಡ ಬಂದಾಗ ಅವನು ಅದರ ಕಡೆ ಮುಖ ತಿರುಗಿಸಿದ. ಎದುರಿನ ದಂಡೆಯಲ್ಲಿ ಬೆಳ್ಳಗಿನ ಸಿಮೆಂಟಿನ ತೇಪೆ, ಹುಲ್ಲಿಲ್ಲ. ಮುಚ್ಚಿಡಲು ಏನೂ ಉಳಿದಿಲ್ಲದಿದ್ದರೂ ರೂಢಿ ಉಳಿದಿತ್ತು.

ಹನುಮಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ತಲೆ ಬೆಳ್ಳಗಾಗಿತ್ತು. ನನ್ನನ್ನಲ್ಲ, ಪೈಪನ್ನು ಗುರುತಿಸಿದಳು.

"ಪೈಪಿನ್ಯಾಗ ಕಾಗದ ಹರಸೋ ಹುಡುಗಿ ಅಲ್ಲೇನು? ಬಾ, ಕೂಡು."

ಕೊಡ್ತೀನಿ ಅಂದಿದ್ದೆನಲ್ಲಕ್ಕ, ತಂದೀನಿ ಎಂದೆ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. "ಈಗ್ಯಾಕ ಬೇಕವ್ವ. ಊರಿಗೆಲ್ಲ ನೆಲ್ಲು ಹಚ್ತೀನಿ, ನನ್ನ ಹೊಲಕ್ಕ ಜೋಳ. ಇರ್ಲಿ, ಜೋಳ ತಿಂದೋರು ಗಟ್ಟಿ ಇರ್ತಾರ." ಹೀಗೆಂದು ಮುಚ್ಚಳ ತಿರುವಿ ತೆಗೆದಳು. ನಕ್ಷೆ ಹೊರಗೆ ಬಂತು. ಅವಳು ಅದನ್ನು ಕಟ್ಟೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಒಂದು ಮೂಲೆಗೆ ಜೋಳದ ಮೊರ ಇಟ್ಟಳು. ಅವಳಿಗೆ ಓದು ಬಾರದು. ನೀಲಿ ಗೆರೆಯನ್ನು ಬೆರಳಿನಿಂದ ಹಿಡಿದು ಬಂದು, "ಇದು ಕಾಲುವಿ" ಎಂದಳು. ಹೌದಕ್ಕ ಎಂದೆ. ಬೆರಳು ಚುಕ್ಕೆಯ ಮೇಲೆ ನಿಂತಿತು.

"ಈ ಕೆಂಪಂದು ಏನು?"

ಹೇಳಿದೆ. ಸರ್, ಪ್ರದರ್ಶನ, ಫೋಟೋ, ಬೇವಿನ ಗಿಡದ ಗುರುತು ಹೇಳಿದ್ದು ನಾನೇ ಎಂಬುದು, ಎಲ್ಲ. ಏಳು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಹೇಳಿ ಮುಗಿಸಲು ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ, ಬೈಯಲಿಲ್ಲ. ದಾರಿಯ ಕಡೆ ನೋಡಿದಳು.

"ಮೌಲಾಸಾಬ ಸಿರುಗುಪ್ಪಾಗ ಅದಾನ, ರಿಟೈರ್ ಆಗಿ. ಅವತ್ತಿನಿಂದ ಅವ ಈ ಕಟ್ಟಿಗೆ ಬಂದ್ರ ನಾ ಎದ್ದು ಒಳಗ ಹೋಗ್ತಿದ್ದೆ. ಒಂದು ಚೆಂಬು ನೀರು ಕೊಡಲಿಲ್ಲ ಅವಗ." ಕಟ್ಟೆಯ ಮೇಲೆ ಚೆಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ, "ನಾಳೆ ಇಬ್ಬರೂ ಕೂಡಿ ಹೋಗಿ ಬರೂಣು" ಎಂದಳು.

ಹೂಂ ಎಂದೆ. ಅವಳು ಮತ್ತೆ ನಕ್ಷೆಯ ಮೇಲೆ ಬಾಗಿದಳು. ಒಂದು ಬೆರಳನ್ನು ಕೆಂಪು ಚುಕ್ಕೆಯ ಮೇಲೆ, ಇನ್ನೊಂದನ್ನು ನಾನು ಅಂದವಾಗಿ ಬರೆದಿದ್ದ ಗಿಡದ ಮೇಲೆ ಇಟ್ಟಳು.

"ತೂತು ಇಲ್ಲೈತಿ. ಗಿಡ ಇಲ್ಲೈತಿ. ನನ್ನ ಮನಿ ಎಲ್ಲೈತಿ?"

ಊರೊಳಗಿನ ಮನೆಗಳನ್ನೆಲ್ಲ ಸೇರಿಸಿ ಒಂದು ಗುಲಾಬಿ ಬಣ್ಣದ ತುಂಡು ಮಾಡಿದ್ದೆ. ಒಂಟಿ ಮನೆಗಳನ್ನು ತೋರಿಸುವ ಕ್ರಮವಿರಲಿಲ್ಲ. ಕ್ರಮದ ಮಾತು ಹಾಗಿರಲಿ, ನನಗೆ ನೆನಪೇ ಆಗಿರಲಿಲ್ಲ. ಮೂರಿಂಚಿನ ತೂತಿಗೆ ಚುಕ್ಕೆ ಇಟ್ಟ ಕೈ, ಇಪ್ಪತ್ತೆರಡು ದಿನ ಅನ್ನ ಉಂಡ ಮನೆಗೆ ಒಂದು ಗೆರೆ ಎಳೆದಿರಲಿಲ್ಲ. ಚುಕ್ಕೆಗೂ ಗಿಡಕ್ಕೂ ನಡುವೆ ಬರೀ ಹಸಿರು.

"ಅದರಾಗ ಇಲ್ಲಕ್ಕ" ಎಂದೆ.

ಅವಳು ನಂಬಲಿಲ್ಲ. ಕಣ್ಣು ಕಿರಿದು ಮಾಡಿ ಆ ಹಸಿರಿನ ಮೇಲೆ ಬೆರಳಾಡಿಸುತ್ತಲೇ ಇದ್ದಳು.

"ಇರಬೇಕು, ಚೆಂದಾಗಿ ನೋಡು. ನೀ ದಿನಾ ಉಣ್ಣಾಕ ಬರ್ತಿದ್ದಿಯಲ್ಲ."